ರುಡಾಲ್ಫ್ ಡೀಸೆಲ್

ಒಂದೇ ಕಾರ್ಖಾನೆಯಿಂದ ಹೊರಬಂದ, ಒಂದೇ ಆಕಾರದ, ಹೆಚ್ಚುಕಡಿಮೆ ಒಂದೇ ತೂಕದ ಎರಡು ಕಾರುಗಳು ಒಂದೇ ಹೆದ್ದಾರಿಯಲ್ಲಿ ಒಟ್ಟಿಗೆ ಹೊರಟಿವೆ ಎಂದು ಭಾವಿಸೋಣ. ಎರಡರ ತೊಟ್ಟಿಯಲ್ಲಿಯೂ ಹತ್ತು ಹತ್ತು ಲೀಟರು ಇಂಧನವಿದೆ. ಒಂದರದು ಪೆಟ್ರೋಲ್, ಇನ್ನೊಂದರದು ಡೀಸೆಲ್. ಮೊದಲನೆಯ ಕಾರು ಇಂಧನ ತೀರಿ ರಸ್ತೆಯ ಬದಿಗೆ ನಿಂತ ಮೇಲೆಯೂ ಎರಡನೆಯದು ಮುಂದೆ ಸಾಗುತ್ತಲೇ ಇರುತ್ತದೆ. ಹೊರನೋಟಕ್ಕೆ ಅವಳಿಗಳಂತೆ ತೋರುವ ಈ ವಾಹನಗಳ ನಡುವೆ ಇಂಥ ಅಂತರವೇಕೆ? ಈ ಪ್ರಶ್ನೆಯ ಉತ್ತರವನ್ನು ಅರಸುತ್ತ ಹಿಂದೆ ಹಿಂದೆ ಹೋದರೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಬಡ ಚರ್ಮಕುಶಲಿಯ ಮಗನ ಬಾಳು ನಮಗೆ ಎದುರಾಗುತ್ತದೆ. ಅವನ ಹೆಸರನ್ನು ನಾವು ಪೆಟ್ರೋಲ್ ಬಂಕಿನ ಫಲಕದ ಮೇಲೆ ದಿನವೂ ಓದುತ್ತೇವೆ. ಅದು ಒಬ್ಬ ಮನುಷ್ಯನ ಹೆಸರೆಂಬುದು ಮಾತ್ರ ಅನೇಕರಿಗೆ ತಿಳಿಯದು.

ರುಡಾಲ್ಫ್ ಡೀಸೆಲ್ 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಥಿಯೊಡೋರ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಿಂದ ಬಂದು ನೆಲೆಸಿದವನು. ಪುಸ್ತಕಗಳಿಗೆ ರಟ್ಟು ಕಟ್ಟುವುದು, ಚರ್ಮದ ಚೀಲ, ಕೈಪೆಟ್ಟಿಗೆಗಳನ್ನು ತಯಾರಿಸುವುದು ಅವನ ಕಸುಬು. ತಾಯಿ ಎಲಿಸೆಯೂ ಜರ್ಮನಿಯವಳೇ. ಮನೆಯಲ್ಲಿ ಸಿರಿತನವಿರಲಿಲ್ಲ. ತಂದೆ ಸಿದ್ಧಪಡಿಸಿದ ಸರಕನ್ನು ಕೈಗಾಡಿಯಲ್ಲಿ ಹೇರಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುವುದು ಬಾಲಕ ರುಡಾಲ್ಫನ ಕೆಲಸವಾಗಿತ್ತು. ಬಿಡುವು ದೊರೆತಾಗ ಅವನು ಮನೆಗೆ ಸಮೀಪದಲ್ಲಿದ್ದ ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ ಕುಳಿತುಬಿಡುತ್ತಿದ್ದನು. ಕ್ಯೂನೋ ಎಂಬಾತನು 1770ರ ಸುಮಾರಿನಲ್ಲಿ ನಿರ್ಮಿಸಿದ ಉಗಿಬಂಡಿ ಅಲ್ಲಿತ್ತು. ಅಲ್ಲಿನ ಯಂತ್ರಗಳ ಮುಂದೆ ನಿಂತು ಅವುಗಳ ಚಿತ್ರಗಳನ್ನು ಬರೆದುಕೊಳ್ಳುವುದೇ ಅವನಿಗೆ ಆಟವಾಗಿತ್ತು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಮೊದಲಾಯಿತು. ಜರ್ಮನ್ ಮೂಲದವರು ಪ್ಯಾರಿಸನ್ನು ಬಿಟ್ಟು ತೆರಳಬೇಕಾಯಿತು. ಡೀಸೆಲ್ ಕುಟುಂಬ ಇದ್ದುದನ್ನೆಲ್ಲ ಬಿಟ್ಟು ಲಂಡನ್ನಿಗೆ ಬಂದಿತು. ಅಲ್ಲಿ ಹೊಟ್ಟೆ ಹೊರೆಯುವುದೇ ಕಷ್ಟವಾದಾಗ, ಹನ್ನೆರಡು ವರ್ಷದ ಮಗನನ್ನು ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಒಬ್ಬನನ್ನೇ ಕಳುಹಿಸಿಕೊಡಲಾಯಿತು. ಯುದ್ಧಕಾಲದ ಆ ದೀರ್ಘ ಪ್ರಯಾಣವನ್ನು ಆ ಬಾಲಕ ಹೇಗೆ ಪೂರೈಸಿದನೋ ಊಹಿಸಿಕೊಳ್ಳಬೇಕು. ಅವನಿಗೆ ಆಶ್ರಯ ನೀಡಿದ ಬಾರ್ನಿಕಲ್ ಎಂಬಾತನು ಗಣಿತದ ಉಪಾಧ್ಯಾಯ. ದೇಶಭ್ರಷ್ಟನಾಗಿ ಬಂದ ಹುಡುಗನ ಪಾಲಿಗೆ ಅದು ದೊಡ್ಡ ಭಾಗ್ಯವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವನು ತಾನು ಎಂಜಿನಿಯರ್ ಆಗುವುದಾಗಿ ತಂದೆತಾಯಿಗಳಿಗೆ ಕಾಗದ ಬರೆದನು. ತರಗತಿಗೆ ಮೊದಲಿಗನಾಗಿ ತೇರ್ಗಡೆಯಾಗಿ, 1875ರಲ್ಲಿ ವಿದ್ಯಾರ್ಥಿವೇತನ ಪಡೆದು, ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು.

ಅಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕನು ಉಷ್ಣಶಾಸ್ತ್ರವನ್ನು ಬೋಧಿಸುತ್ತಿದ್ದನು. ಶೀತಕಯಂತ್ರಗಳ ನಿರ್ಮಾಣದಲ್ಲಿ ಹೆಸರು ಗಳಿಸಿದ ವಿದ್ವಾಂಸನೀತ. ಒಂದು ದಿನ ಅವನು ಪಾಠ ಹೇಳುತ್ತ, ಉಗಿಯಂತ್ರವು ಕಲ್ಲಿದ್ದಲಿನಲ್ಲಿ ಅಡಗಿರುವ ಉಷ್ಣದಲ್ಲಿ ನೂರಕ್ಕೆ ಆರರಿಂದ ಹತ್ತು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದುದೆಲ್ಲ ವ್ಯರ್ಥವಾಗಿ ಗಾಳಿಯ ಪಾಲಾಗುತ್ತದೆ ಎಂದು ತಿಳಿಸಿದನು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ಉಷ್ಣಯಂತ್ರಗಳ ಮೂಲ ನಿಯಮವನ್ನು ತೋರಿಸಿಕೊಟ್ಟಿದ್ದನು: ಯಂತ್ರವು ಉಷ್ಣವನ್ನು ಎಷ್ಟು ಹೆಚ್ಚಿನ ತಾಪದಲ್ಲಿ ಪಡೆದು ಎಷ್ಟು ಕಡಿಮೆ ತಾಪದಲ್ಲಿ ಹೊರಬಿಡುತ್ತದೆಯೋ, ಅದರಿಂದ ಅಷ್ಟು ಹೆಚ್ಚು ಕೆಲಸವನ್ನು ನಿರೀಕ್ಷಿಸಬಹುದು. ಕಾರ್ನೋ ಹೇಳಿದುದಕ್ಕೂ ಕಾರ್ಖಾನೆಗಳಲ್ಲಿ ನಡೆಯುತ್ತಿದ್ದುದಕ್ಕೂ ಅಜಗಜಾಂತರವಿತ್ತು. ತರುಣ ಡೀಸೆಲನು ತನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ, ಈ ಆದರ್ಶವನ್ನು ಕಾರ್ಯರೂಪಕ್ಕೆ ತರಲು ಸಾಧ್ಯವೇ ಎಂಬುದನ್ನು ಮುಂದೆ ಪರಿಶೀಲಿಸಬೇಕೆಂದು ಗುರುತು ಹಾಕಿಕೊಂಡನು. ಅನೇಕ ವಿದ್ಯಾರ್ಥಿಗಳು ಹೀಗೆ ಗುರುತು ಹಾಕಿಕೊಳ್ಳುವುದುಂಟು. ಪರೀಕ್ಷೆ ಮುಗಿದ ಮೇಲೆ ಮರೆಯುವುದೂ ಉಂಟು. ಡೀಸೆಲನಿಗೆ ಅದನ್ನು ಮರೆಯಲು ಸಾಧ್ಯವಾಗಲೇ ಇಲ್ಲ.

ವಿಷಮಜ್ವರದಿಂದ ನರಳಿ ಅವನು 1879ರ ಪರೀಕ್ಷೆಗೆ ಕೂಡಲಾಗಲಿಲ್ಲ. ಮರುಪರೀಕ್ಷೆಯವರೆಗಿನ ಕಾಲವನ್ನು ಸ್ವಿಟ್ಜರ್‌ಲೆಂಡಿನ ವಿಂಟರ್‌ಟೂರ್ ಪಟ್ಟಣದ ಸುಲ್ಜರ್ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತ ಕಳೆದನು. 1880ರ ಜನವರಿಯಲ್ಲಿ ಉನ್ನತ ಶ್ರೇಣಿಯಲ್ಲಿ ಉತ್ತೀರ್ಣನಾಗಿ, ಗುರು ಲಿಂಡೆಯ ಮಂಜುಗಡ್ಡೆ ಯಂತ್ರಗಳ ವ್ಯವಹಾರಕ್ಕೆ ಸೇರಿ ಪ್ಯಾರಿಸಿಗೆ ಹಿಂತಿರುಗಿದನು. 1883ರಲ್ಲಿ ಮಾರ್ತಾ ಫ್ಲಾಷೆ ಎಂಬಾಕೆಯನ್ನು ವಿವಾಹವಾದನು. ಇಬ್ಬರು ಗಂಡು ಮಕ್ಕಳೂ ಒಬ್ಬ ಮಗಳೂ ಜನಿಸಿದರು. ಹಗಲೆಲ್ಲ ಮಂಜುಗಡ್ಡೆಯ ಯಂತ್ರ, ಬಿಡುವಿನ ವೇಳೆಯಲ್ಲೆಲ್ಲ ಹೊಸ ಉಷ್ಣಯಂತ್ರದ ಚಿಂತೆ. ಮೊದಲಲ್ಲಿ ಉಗಿಗೆ ಬದಲಾಗಿ ಅಮೋನಿಯದ ಆವಿಯನ್ನು ಬಳಸಿ ವರ್ಷಗಟ್ಟಲೆ ಪ್ರಯೋಗ ನಡೆಸಿದನು. ಅದು ಫಲ ಕೊಡಲಿಲ್ಲ. ಆದರೆ ಆ ಸೋಲಿನ ನಡುವೆಯೇ ಅವನಿಗೆ ಹೊಸ ದಾರಿಯೊಂದು ಹೊಳೆಯಿತು.

ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಒಮ್ಮೆಲೇ ಅದುಮಿದರೆ ಅದರ ತಾಪ ಏರುತ್ತದೆ. ಆಗ್ನೇಯ ಏಷ್ಯದ ಜನರು ಈ ಗುಣವನ್ನು ಬಹುಕಾಲದ ಹಿಂದೆಯೇ ಅರಿತಿದ್ದರು; ಕಿರಿದಾದ ಕೊಳವೆಯೊಳಗೆ ಕೊಂತವನ್ನು ರಭಸದಿಂದ ತಳ್ಳಿ, ಅದರ ತುದಿಗೆ ಅಂಟಿಸಿದ ಒಣನಾರು ಹೊತ್ತಿಕೊಳ್ಳುವಂತೆ ಮಾಡಿ ಬೆಂಕಿ ಪಡೆಯುತ್ತಿದ್ದರು. ಇಂಥದೊಂದು ಸಲಕರಣೆ ಡೀಸೆಲನ ಗಮನವನ್ನು ಸೆಳೆದಿತ್ತೆಂದು ಹೇಳುತ್ತಾರೆ.

ಆ ಕಾಲಕ್ಕೆ ನಿಕೊಲಾಸ್ ಓಟೋ ನಿರ್ಮಿಸಿದ ಅಂತರ್ದಹನ ಯಂತ್ರಗಳು ಬಳಕೆಗೆ ಬಂದಿದ್ದವು. ಅವುಗಳಲ್ಲಿ ಗಾಳಿಯನ್ನೂ ಇಂಧನವನ್ನೂ ಮೊದಲೇ ಬೆರಸಿ, ಸಿಲಿಂಡರಿನೊಳಗೆ ಅದುಮಿ, ಬಳಿಕ ಕಿಡಿ ತಾಗಿಸಿ ಉರಿಸುತ್ತಾರೆ. ಪೆಟ್ರೋಲ್ ಕಾರುಗಳ ಎಂಜಿನುಗಳು ಈ ವಂಶಕ್ಕೆ ಸೇರಿದವು. ಇದರಲ್ಲಿ ಒಂದು ತೊಡಕಿದೆ. ಬೆರಕೆಯನ್ನು ಅತಿಯಾಗಿ ಅದುಮಿದರೆ ಅದು ಬಿಸಿಯೇರಿ, ಸರಿಯಾದ ಸಮಯಕ್ಕೆ ಮೊದಲೇ ತಾನಾಗಿ ಸಿಡಿದು ಯಂತ್ರವನ್ನು ಕೆಡಿಸುತ್ತದೆ. ಆದುದರಿಂದ ಅದುಮುವುದಕ್ಕೆ ಒಂದು ಮಿತಿ ಉಂಟು. ಡೀಸೆಲನು ಈ ತೊಡಕನ್ನೇ ಉಪಾಯವಾಗಿ ಮಾರ್ಪಡಿಸಿಕೊಂಡನು. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಮಾತ್ರ ಅದುಮಬೇಕು. ಬರಿಯ ಗಾಳಿ ಸಿಡಿಯುವಂತಿಲ್ಲವಾದುದರಿಂದ ಎಷ್ಟು ಬೇಕಾದರೂ ಅದುಮಬಹುದು. ಅದು ಕಾದು ಕೆಂಡದಂತಾದಾಗ ಇಂಧನವನ್ನು ಒಳಕ್ಕೆ ಚಿಮ್ಮಿಸಬೇಕು. ಕಿಡಿಯೂ ಬೇಡ, ಜ್ವಾಲೆಯೂ ಬೇಡ. ಇಂಧನ ಒಳಹೋದೊಡನೆ ತಾನಾಗಿ ಉರಿಯುತ್ತದೆ. ಬಹಳವಾಗಿ ಅದುಮಲ್ಪಟ್ಟ ಗಾಳಿ ಉರಿದ ನಂತರ ಬಹಳವಾಗಿ ಹಿಗ್ಗುತ್ತದೆ. ಹಿಗ್ಗುತ್ತ ಹಿಗ್ಗುತ್ತ ಪಿಸ್ಟನ್ನನ್ನು ತಳ್ಳಿ, ತನ್ನ ಉಷ್ಣವನ್ನು ಕೆಲಸವಾಗಿ ಕೊಟ್ಟು, ತಣಿದು ಹೊರಬೀಳುತ್ತದೆ. ಉಳಿತಾಯದ ಗುಟ್ಟೆಲ್ಲ ಇರುವುದು ಇಲ್ಲಿಯೇ.

1892ರ ಫೆಬ್ರವರಿಯಲ್ಲಿ ಡೀಸೆಲನು ಬರ್ಲಿನ್ನಿನಲ್ಲಿ ತನ್ನ ಯಂತ್ರದ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದನು. ಮರುವರ್ಷ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು. ಕಾಗದದ ಮೇಲಿನ ಲೆಕ್ಕ ಅದ್ಭುತವಾಗಿತ್ತು. ಆದರೆ ಅದಕ್ಕೆ ಬೇಕಾಗಿದ್ದ 250 ವಾಯುಭಾರದಷ್ಟು ಒತ್ತಡವನ್ನು ತಾಳಬಲ್ಲ ಸಿಲಿಂಡರು ಅಂದಿನ ಲೋಕದಲ್ಲಿರಲಿಲ್ಲ. ಆಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ನಿರ್ದೇಶಕ ಹೈನ್ರಿಕ್ ಬುಜ್ ಮೊದಲು ಈ ಯೋಜನೆಯನ್ನು ನಿರಾಕರಿಸಿದನು. ಡೀಸೆಲನು ಒತ್ತಡವನ್ನು ತಗ್ಗಿಸಿ ಹೊಸದಾಗಿ ಲೆಕ್ಕಹಾಕಿ ತೋರಿಸಿದ ಮೇಲೆ ಒಪ್ಪಿಕೊಂಡನು. ಕ್ರುಪ್ ಸಂಸ್ಥೆಯೂ ಧನಸಹಾಯಕ್ಕೆ ಮುಂದೆ ಬಂದಿತು. ಎಂದೂ ಬಡತನವನ್ನೇ ಕಂಡು ಬೆಳೆದ ಮೂವತ್ತೈದರ ಹರೆಯದ ಎಂಜಿನಿಯರನು ಹೆಂಡತಿ ಮಕ್ಕಳ ಭವಿಷ್ಯವನ್ನೆಲ್ಲ ಈ ಒಂದು ಯಂತ್ರಕ್ಕೆ ಒತ್ತೆಯಿಟ್ಟನು.

1893ರ ಆಗಸ್ಟ್ 10ರಂದು ಮೊದಲ ಪ್ರಯೋಗ ನಡೆಯಿತು. ಕಾರ್ಖಾನೆಯ ಉಗಿಯಂತ್ರದ ಪಟ್ಟಿಯಿಂದ ಹೊಸ ಯಂತ್ರವನ್ನು ತಿರುಗಿಸಿ, ಒಳಗೆ ಇಂಧನವನ್ನು ಬಿಟ್ಟರು. ಭಯಂಕರ ಶಬ್ದದೊಡನೆ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ನೋಡುವವರಿಗೆ ಅದು ಅಪಘಾತ. ಡೀಸೆಲನಿಗಾದರೋ ಅದೇ ಸಂತೋಷದ ವಾರ್ತೆ; ಏಕೆಂದರೆ ಕಿಡಿಯ ನೆರವಿಲ್ಲದೆ ಕೇವಲ ಅದುಮಿದ ಗಾಳಿಯ ಕಾವಿನಿಂದ ಇಂಧನ ಹೊತ್ತಿಕೊಳ್ಳುತ್ತದೆಂಬುದು ಸಿದ್ಧವಾಯಿತು. ಆದರೂ ಯಂತ್ರ ತಾನಾಗಿ ಒಂದು ಸುತ್ತೂ ತಿರುಗಲಿಲ್ಲ.

ತಿಂಗಳುಗಟ್ಟಲೆ ತಿದ್ದುವಿಕೆ ನಡೆಯಿತು. 1894ರ ಫೆಬ್ರವರಿ 17ರಂದು ಮತ್ತೊಂದು ಪ್ರಯೋಗ. ಡೀಸೆಲನು ಉಪಕರಣವೊಂದನ್ನು ನೋಡುವುದರಲ್ಲಿ ಮಗ್ನನಾಗಿದ್ದನು. ಪಕ್ಕದಲ್ಲಿದ್ದ ಮುಖ್ಯ ಕೆಲಸಗಾರನ ದೃಷ್ಟಿ ಪಟ್ಟಿಯ ಮೇಲೆ ಬಿದ್ದಿತು. ಅದುವರೆಗೆ ಪಟ್ಟಿ ಯಂತ್ರವನ್ನು ಎಳೆಯುತ್ತಿತ್ತು. ಈಗ ಯಂತ್ರವೇ ಪಟ್ಟಿಯನ್ನು ಎಳೆಯತೊಡಗಿತ್ತು. ಅದು ತನ್ನ ಸ್ವಂತ ಬಲದಿಂದ ನಿಮಿಷಕ್ಕೆ 88 ಸುತ್ತಿನಂತೆ ತಿರುಗುತ್ತಿತ್ತು. ಆ ಕೆಲಸಗಾರನು ಒಂದು ಮಾತನ್ನೂ ಆಡದೆ ತಲೆಯ ಮೇಲಿನ ಟೋಪಿಯನ್ನು ತೆಗೆದು ಗೌರವ ಸೂಚಿಸಿದನಂತೆ. ಅದರಿಂದಲೇ ಡೀಸೆಲನಿಗೆ ತನ್ನ ಯಂತ್ರ ಜೀವ ತಳೆದುದು ತಿಳಿಯಿತು. ಆ ಜೀವ ಉಳಿದುದು ಸುಮಾರು ಒಂದು ನಿಮಿಷ ಮಾತ್ರ.

ಒಂದು ನಿಮಿಷದ ಓಟವನ್ನು ದಿನಗಟ್ಟಲೆಯ ಓಟವಾಗಿ ಮಾಡಲು ಮತ್ತೆ ಮೂರು ವರ್ಷಗಳು ಹಿಡಿದವು. ಇಂಧನವನ್ನು ಸಣ್ಣ ಹನಿಗಳಾಗಿ ಒಳಕ್ಕೆ ಚಿಮ್ಮಿಸುವುದೇ ಅತ್ಯಂತ ಕಠಿಣವಾದ ಸಮಸ್ಯೆಯಾಗಿತ್ತು. ಹನಿ ದಪ್ಪವಾದರೆ ಪೂರ್ತಿ ಉರಿಯದೆ ಹೊಗೆ ಉಗುಳುತ್ತಿತ್ತು. ಕೊನೆಗೆ ಬಲವಾದ ಗಾಳಿಯ ಜೊತೆಗೆ ಇಂಧನವನ್ನು ಊದುವ ವಿಧಾನ ಕೈಹಿಡಿಯಿತು. ಮೂಲ ಸಿದ್ಧಾಂತದಲ್ಲಿಯೂ ಬದಲಾವಣೆ ಅನಿವಾರ್ಯವಾಯಿತು. ಇಂಧನವು ತಾಪ ಏರದಂತೆ ನಿಧಾನವಾಗಿ ಉರಿಯಬೇಕೆಂದು ಡೀಸೆಲನು ಮೊದಲು ಬಯಸಿದ್ದನು. ಹಾಗೆ ಮಾಡಿದರೆ ಯಂತ್ರಕ್ಕೆ ತನ್ನನ್ನು ತಾನೇ ತಿರುಗಿಸಿಕೊಳ್ಳುವಷ್ಟು ಬಲವೂ ಉಳಿಯದೆಂದು ಅನುಭವ ಕಲಿಸಿತು. ಅವನು ಒಪ್ಪಿ ತಿದ್ದಿಕೊಂಡನು. ಹೀಗೆ ತಿದ್ದಿಕೊಂಡುದು ಅವನ ದೊಡ್ಡತನವೇ ಸರಿ. ಆದರೆ ಮುಂದೆ ಅವನ ವಿರೋಧಿಗಳು ಹಿಡಿದ ಆಯುಧವೂ ಅದೇ ಆಯಿತು.

ಇಮಾನ್ಯುಯೆಲ್ ಲೌಸ್ಟರ್ ಎಂಬ ತರುಣನ ನೆರವಿನಿಂದ ಹೊಸ ಯಂತ್ರದ ನಕ್ಷೆ ಸಿದ್ಧವಾಯಿತು. 1897ರ ಫೆಬ್ರವರಿ 17ರಂದು ಮ್ಯೂನಿಕ್ ವಿದ್ಯಾಲಯದ ಪ್ರಾಧ್ಯಾಪಕ ಮೋರಿಟ್ಜ್ ಶ್ರೋಟರ್ ಅದನ್ನು ಪರೀಕ್ಷಿಸಿದನು. ಆಳೆರಡರಷ್ಟು ಎತ್ತರದ, ಒಂದೇ ಸಿಲಿಂಡರಿನ ಆ ಯಂತ್ರ ಸುಮಾರು 20 ಅಶ್ವಶಕ್ತಿಯಿಂದ ದುಡಿಯಿತು. ಒಂದು ಅಶ್ವಶಕ್ತಿಯಿಂದ ಒಂದು ಗಂಟೆ ದುಡಿಯಲು ಅದು ನುಂಗಿದ ಸೀಮೆಎಣ್ಣೆ 240 ಗ್ರಾಮಿನಷ್ಟು ಮಾತ್ರ. ಅಂದರೆ ಇಂಧನದ ಉಷ್ಣದಲ್ಲಿ ಶೇಕಡ 26ಕ್ಕಿಂತ ಹೆಚ್ಚು ಭಾಗ ಕೆಲಸವಾಗಿ ದೊರೆತಿತ್ತು. ಅದುವರೆಗೆ ಯಾವ ಉಷ್ಣಯಂತ್ರವೂ ಇಷ್ಟು ದಕ್ಷವಾಗಿರಲಿಲ್ಲ. ಕಾಲೇಜಿನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದ ಪ್ರಶ್ನೆಗೆ ಸುಮಾರು ಇಪ್ಪತ್ತು ವರ್ಷಗಳ ಮೇಲೆ ಉತ್ತರ ದೊರೆಯಿತು. ಈ ಯಂತ್ರ ಮುಂದೆ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯವನ್ನು ಸೇರಿತು.

ಹಣ ಹೊಳೆಯಾಗಿ ಹರಿದುಬಂದಿತು. ಅಮೆರಿಕದ ಅಡಾಲ್ಫಸ್ ಬುಷ್ ಎಂಬ ಉದ್ಯಮಿ ತನ್ನ ದೇಶದ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕ್ ಕೊಟ್ಟನು. ರಷ್ಯದಲ್ಲಿ ಎಮಾನ್ಯುಯೆಲ್ ನೊಬೆಲ್ ಹಕ್ಕು ಪಡೆದನು. 1898ರಲ್ಲಿ ಹೊಸ ಸಂಸ್ಥೆಯೊಂದು ಡೀಸೆಲನ ಎಲ್ಲ ಹಕ್ಕುಗಳನ್ನು 35 ಲಕ್ಷ ಮಾರ್ಕುಗಳಿಗೆ ಕೊಂಡಿತು. ಆದರೆ ಪರೀಕ್ಷೆಯಲ್ಲಿ ಗೆದ್ದ ಯಂತ್ರವೇ ಬೇರೆ, ಕಾರ್ಖಾನೆಯಲ್ಲಿ ಹಗಲಿರುಳು ದುಡಿಯಬೇಕಾದ ಯಂತ್ರವೇ ಬೇರೆ. ಮೊದಲು ಮಾರಾಟವಾದ ಎಂಜಿನುಗಳು ಮೇಲಿಂದ ಮೇಲೆ ಕೆಟ್ಟುನಿಂತವು. ಕೊಂಡವರು ದೂರಿದರು. ಇದೇ ಸಮಯದಲ್ಲಿ, ಪೇಟೆಂಟಿನಲ್ಲಿ ಹೇಳಿದ ಯಂತ್ರವೇ ಬೇರೆ, ಕಟ್ಟಿದ ಯಂತ್ರವೇ ಬೇರೆ ಎಂದು ಪ್ರತಿಸ್ಪರ್ಧಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ದಣಿವಿನಿಂದಲೂ ಕೊರಗಿನಿಂದಲೂ ಡೀಸೆಲನ ಆರೋಗ್ಯ ಮುರಿದುಬಿದ್ದಿತು. ಅವನು ಆರೋಗ್ಯಧಾಮವನ್ನು ಸೇರಬೇಕಾಯಿತು.

1900ರಲ್ಲಿ ಪ್ಯಾರಿಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವನ ಎಂಜಿನಿಗೆ ಅತ್ಯುನ್ನತ ಬಹುಮಾನ ಬಂದಿತು. ಅಲ್ಲಿ ಒಂದು ಚಿಕ್ಕ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಯಿತು. ತಮ್ಮ ನೆಲದ ಎಣ್ಣೆಕಾಳುಗಳಿಂದಲೇ ರೈತರು ಯಂತ್ರ ನಡೆಸುವ ಕಾಲ ಬರಬಹುದೆಂಬ ಆಸೆ ಡೀಸೆಲನಿಗೆ ಕೊನೆಯವರೆಗೂ ಇತ್ತು. ಕರ್ನಾಟಕದಲ್ಲಿ ಹೊಂಗೆಯ ಎಣ್ಣೆಯಿಂದ ಡೀಸೆಲ್ ಎಂಜಿನುಗಳನ್ನು ನಡೆಸುವ ಪ್ರಯೋಗಗಳು ನಡೆದುವು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನೂ ರೂಪಿಸಿತು. ಭಾರತದಲ್ಲಿ ವಿಶ್ವ ಜೈವಿಕ ಇಂಧನ ದಿನವನ್ನು ಆಚರಿಸುವುದು ಆಗಸ್ಟ್ 10ರಂದು, ಆಗ್ಸ್‌ಬರ್ಗಿನಲ್ಲಿ ಆ ಉಪಕರಣ ಸಿಡಿದ ದಿನದಂದೇ.

ಎಂಜಿನಿನ ದೋಷಗಳು ಕ್ರಮೇಣ ನಿವಾರಣೆಯಾದವು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಎಂಬ ಹಡಗು ಡೀಸೆಲ್ ಎಂಜಿನಿನ ಬಲದಿಂದಲೇ ಬ್ಯಾಂಕಾಕಿನವರೆಗೆ ಪ್ರಯಾಣ ಮಾಡಿತು. ಎಂಜಿನು ಏರುಮುಖವಾಗಿತ್ತು, ಅದನ್ನು ಹಡೆದವನ ಬಾಳು ಇಳಿಮುಖವಾಗಿತ್ತು. ಡೀಸೆಲನು ಯಂತ್ರದಲ್ಲಿ ಒಂದು ಹನಿ ಎಣ್ಣೆಯೂ ವ್ಯರ್ಥವಾಗದಂತೆ ನೋಡಿಕೊಂಡವನು. ಹಣದ ವಿಷಯದಲ್ಲಿ ಆ ಎಚ್ಚರವನ್ನು ತೋರಲಿಲ್ಲ. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದನು. ನಿವೇಶನಗಳ ವ್ಯಾಪಾರದಲ್ಲಿಯೂ ಎಣ್ಣೆಬಾವಿಗಳ ವ್ಯವಹಾರದಲ್ಲಿಯೂ ಅಪಾರ ಹಣ ಕಳೆದುಕೊಂಡನು. ಈ ಸಂಗತಿಯನ್ನು ಮನೆಯವರಿಂದಲೂ ಮುಚ್ಚಿಟ್ಟನು.

1913ರ ಸೆಪ್ಟೆಂಬರ್ 29ರ ಸಂಜೆ ಅವನು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನು ಏರಿದನು. ಇಂಗ್ಲೆಂಡಿನಲ್ಲಿ ಡೀಸೆಲ್ ಎಂಜಿನ್ ಸಂಸ್ಥೆಯೊಂದರ ಸಭೆಗೆ ಅವನು ಹೋಗಬೇಕಾಗಿತ್ತು. ಇಬ್ಬರು ಸಹಪ್ರಯಾಣಿಕ ಮಿತ್ರರೊಡನೆ ಊಟ ಮಾಡಿ, ಮಾತನಾಡಿ, ರಾತ್ರಿ ಹತ್ತು ಗಂಟೆಯ ವೇಳೆಗೆ ತನ್ನ ಕೋಣೆಗೆ ತೆರಳಿದನು. ಬೆಳಗ್ಗೆ ಆರೂಕಾಲಿಗೆ ಎಬ್ಬಿಸಬೇಕೆಂದು ಹೇಳಿದ್ದನು. ಬೆಳಗ್ಗೆ ಹೋಗಿ ನೋಡಿದರೆ ಕೋಣೆ ಬರಿದಾಗಿತ್ತು. ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿರಲಿಲ್ಲ. ಹಡಗಿನ ಹಿಂಭಾಗದ ಕಟಕಟೆಯ ಬಳಿ ಅವನ ಟೋಪಿಯೂ ಮಡಿಸಿಟ್ಟ ಮೇಲಂಗಿಯೂ ದೊರೆತವು. ಕೆಲವು ದಿನಗಳ ಮೇಲೆ ಡಚ್ಚರ ದೋಣಿಯೊಂದರ ನಾವಿಕರು ಸಮುದ್ರದಲ್ಲಿ ತೇಲುತ್ತಿದ್ದ ಶವವೊಂದನ್ನು ಕಂಡು, ಉಡುಪಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು, ದೇಹವನ್ನು ನೀರಿಗೇ ಒಪ್ಪಿಸಿದರು. ಕನ್ನಡಕದ ಪೆಟ್ಟಿಗೆ, ಚೂರಿ ಮೊದಲಾದ ಆ ವಸ್ತುಗಳು ತಂದೆಯವೇ ಎಂದು ಮಗ ಯೂಗೆನ್ ಗುರುತಿಸಿದನು. ಸಾಲದ ಹೊರೆಯಿಂದ ನೊಂದು ಸಮುದ್ರಕ್ಕೆ ಹಾರಿದನೆಂದು ಬಹುಮಂದಿ ನಂಬಿದರು. ಅದು ಕೊಲೆಯೆಂದು ಕೆಲವರು ಶಂಕಿಸಿದರು. ನಿಜ ಸಂಗತಿ ಇಂದಿಗೂ ಇತ್ಯರ್ಥವಾಗಿಲ್ಲ. ಅವನ ಬ್ಯಾಂಕಿನ ಖಾತೆಗಳು ಬರಿದಾಗಿದ್ದುದು ಮಾತ್ರ ಮನೆಯವರಿಗೆ ಆಗಲೇ ತಿಳಿದುಬಂದಿತು.

ಡೀಸೆಲನ ಕಾಲದಲ್ಲಿ ಅವನ ಎಂಜಿನು ಕಾರಿನೊಳಗೆ ಅಡಗುವಷ್ಟು ಚಿಕ್ಕದಾಗಿರಲಿಲ್ಲ. ಇಂಧನವನ್ನು ಊದುವ ಗಾಳಿಯಂತ್ರವೇ ಒಂದು ದೊಡ್ಡ ಭಾರವಾಗಿತ್ತು. ರಾಬರ್ಟ್ ಬಾಷ್ ಎಂಬ ಉದ್ಯಮಿಯ ಕಾರ್ಖಾನೆ 1927ರಲ್ಲಿ ಚಿಕ್ಕ ಪಂಪೊಂದನ್ನು ತಯಾರಿಸತೊಡಗಿದ ಮೇಲೆ ಆ ಭಾರ ಇಳಿಯಿತು. 1936ರಲ್ಲಿ ಮರ್ಸಿಡಿಸ್ ಬೆನ್ಜ್ ಸಂಸ್ಥೆ ಡೀಸೆಲ್ ಎಂಜಿನಿನ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ ಸಂಸ್ಥೆಯ, ಅದಕ್ಕೆ ಹೋಲುವ ಪೆಟ್ರೋಲ್ ಕಾರು ನೂರು ಕಿಲೋಮೀಟರಿಗೆ ಸುಮಾರು 13 ಲೀಟರು ಬೇಡುತ್ತಿದ್ದರೆ, ಈ ಕಾರಿಗೆ ಒಂಬತ್ತು ಲೀಟರಿಗಿಂತ ತುಸು ಹೆಚ್ಚು ಸಾಕಾಗುತ್ತಿತ್ತು.

ಈ ಅಂತರದ ಕೀರ್ತಿಯೆಲ್ಲ ಎಂಜಿನಿನದೇ ಎಂದು ತಿಳಿಯಬಾರದು. ಒಂದು ಲೀಟರು ಡೀಸೆಲ್ ಎಣ್ಣೆ ಪೆಟ್ರೋಲಿಗಿಂತ ಭಾರವಾದುದು. ಅದರಲ್ಲಿ ಅಡಗಿರುವ ಉಷ್ಣವೂ ನೂರಕ್ಕೆ ಹತ್ತರಷ್ಟಾದರೂ ಹೆಚ್ಚು. ಉಳಿದುದಕ್ಕೆ ಕಾರಣ ಎರಡು. ಪೆಟ್ರೋಲ್ ಎಂಜಿನು ಬೆರಕೆಯನ್ನು ಎಂಟು ಹತ್ತರಲ್ಲಿ ಒಂದು ಪಾಲಿಗೆ ಅದುಮಿದರೆ, ಡೀಸೆಲ್ ಎಂಜಿನು ಗಾಳಿಯನ್ನು ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಇದಲ್ಲದೆ, ನಿಧಾನವಾಗಿ ಹೋಗಬೇಕಾದಾಗ ಪೆಟ್ರೋಲ್ ಎಂಜಿನು ತನ್ನ ಉಸಿರಿನ ದಾರಿಯನ್ನೇ ಅರ್ಧ ಮುಚ್ಚಿಕೊಂಡು ಏದುಸಿರು ಬಿಡುತ್ತದೆ. ಡೀಸೆಲ್ ಎಂಜಿನು ಗಾಳಿಯನ್ನು ತಡೆಯದೆ ಎಣ್ಣೆಯನ್ನು ಮಾತ್ರ ಕಡಿಮೆ ಮಾಡಿಕೊಳ್ಳುತ್ತದೆ. ಪೇಟೆಯ ನಿಧಾನ ಸಂಚಾರದಲ್ಲಿ ಉಳಿತಾಯ ಎದ್ದುಕಾಣುವುದು ಇದರಿಂದ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಗಾಳಿ ಅತಿಯಾಗಿ ಕಾಯುವುದರಿಂದ ಅದರಲ್ಲಿನ ಸಾರಜನಕ ಉರಿದು ವಿಷಾನಿಲಗಳಾಗುತ್ತವೆ, ಮಸಿಯೂ ಹುಟ್ಟುತ್ತದೆ. ನಗರಗಳ ಗಾಳಿ ಕೆಡುವುದರಲ್ಲಿ ಡೀಸೆಲ್ ವಾಹನಗಳ ಪಾಲು ಸಣ್ಣದಲ್ಲ.

ಎರಡೂ ಡೀಸೆಲ್ ಕಾರುಗಳೇ ಆಗಿದ್ದು, ಒಂದೇ ದಿನ ತಯಾರಾಗಿದ್ದರೂ, ಒಂದೇ ಅಳತೆಯ ಎಣ್ಣೆಯಿಂದ ಒಂದೇ ದೂರ ಹೋಗುವುದಿಲ್ಲ. ಎಂಜಿನು ಕೊಟ್ಟ ಕೆಲಸವನ್ನು ಹಂಚಿಕೊಳ್ಳಲು ಹೊರಗೆ ಅನೇಕರು ಕಾದಿರುತ್ತಾರೆ. ವೇಗ ಎರಡರಷ್ಟಾದರೆ ಎದುರುಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಾಳಿ ಇಳಿದ ಟೈರು ಉರುಳುವಾಗ ನೆಲಕ್ಕೆ ಅಂಟಿದಂತಾಗಿ ಬಿಸಿಯಾಗುತ್ತದೆ. ಅವಸರದಿಂದ ವೇಗ ಏರಿಸಿ ಮತ್ತೆ ಬ್ರೇಕು ಒತ್ತುವ ಚಾಲಕನು, ಎಂಜಿನು ಕಷ್ಟಪಟ್ಟು ಗಳಿಸಿದುದನ್ನೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಕೊಡುತ್ತಾನೆ.

1936ರ ಆ ಕಾರು ಸದ್ದು ಮಾಡುತ್ತಿತ್ತು, ಹೊಗೆ ಬಿಡುತ್ತಿತ್ತು, ಓಟದಲ್ಲಿ ಮಂದವಾಗಿತ್ತು. ಸಿರಿವಂತರು ಅದನ್ನು ಮೆಚ್ಚಲಿಲ್ಲ. ಅದನ್ನು ಹೆಚ್ಚಾಗಿ ಬಳಸಿದವರು, ದಿನದ ಕೊನೆಯಲ್ಲಿ ಎಣ್ಣೆಯ ಖರ್ಚು ಕಳೆದು ಉಳಿದುದನ್ನು ಎಣಿಸಿ ಮನೆಗೆ ಒಯ್ಯಬೇಕಾಗಿದ್ದ ಜರ್ಮನಿಯ ಟ್ಯಾಕ್ಸಿ ಚಾಲಕರು. 1940ರಲ್ಲಿ ತಯಾರಿಕೆ ನಿಲ್ಲುವವರೆಗೆ ಸುಮಾರು ಎರಡು ಸಾವಿರ ಕಾರುಗಳು ಹೊರಬಂದವು.